ಳಾದ್: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಒಂದು ಅರಬಿ ಅಕ್ಷರದ ಜಾಡು

1. ವಿಷಯ

ಕರ್ನಾಟಕ ಸರ್ಕಾರದ ರಜಾಪಟ್ಟಿಯಲ್ಲಿ ಹಬ್ಬದ ಹೆಸರು 'ಖುತುಬ್-ಎ-ರಂಜಾನ್'. ಮಂಗಳೂರಿನಿಂದ ಹೊರಡುವ 'ವಾರ್ತಾಭಾರತಿ'ಯಲ್ಲಿ ಆ ತಿಂಗಳು 'ರಮಝಾನ್'. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮದ್ರಸಗಳಲ್ಲಿ, ಬ್ಯಾರಿ ಮನೆಗಳಲ್ಲಿ ಅದು 'ರಮಳಾನ್'. ಈಚೆಗೆ ಇಂಗ್ಲಿಷ್ ಬರಹದ ದಾರಿಯಿಂದ 'ರಮದಾನ್' ಕೂಡ ಬಂದು ಸೇರಿಕೊಂಡಿದೆ. ಜ, ಝ, ಳ, ದ ಎಂದು ನಾಲ್ಕು ಬಗೆಯಾಗಿ ಕನ್ನಡದಲ್ಲಿ ಬರೆಯುತ್ತಿರುವುದು ಅರಬಿಯ ಒಂದೇ ಅಕ್ಷರವನ್ನು. ಅರಬರು ಅದನ್ನು 'ದಾದ್' ಎನ್ನುತ್ತಾರೆ, ಉರ್ದು ಬಲ್ಲವರು 'ಜ್ವಾದ್' ಎನ್ನುತ್ತಾರೆ, ಮಲಬಾರಿನಿಂದ ನಮ್ಮ ಕರಾವಳಿಯವರೆಗಿನ ಮದ್ರಸಗಳಲ್ಲಿ ಅದರ ಹೆಸರು 'ಳಾದ್'.

ಈ ನಾಲ್ಕರಲ್ಲಿ ಳಕಾರದ ರೂಪವನ್ನು ಹಳ್ಳಿಯ ಅಪಭ್ರಂಶವೆಂದು ತಿದ್ದುವ ರೂಢಿ ಬೆಳೆಯುತ್ತಿದೆ. ಈ ಟಿಪ್ಪಣಿ ಅದನ್ನು ಒಪ್ಪುವುದಿಲ್ಲ. ಕನ್ನಡ ನೆಲದಲ್ಲಿ ಈ ಅಕ್ಷರದ ಅತ್ಯಂತ ಹಳೆಯ ಗುಣದ ಸುಳಿವು ಉಳಿದಿರುವುದು ಳಕಾರದಲ್ಲಿಯೇ. ಅದು ಪರ್ಶಿಯನ್ ಕಚೇರಿಯ ದಾರಿಯಲ್ಲದೆ ಕಡಲಿನ ದಾರಿಯಿಂದ ಬಂದ ಬೇರೊಂದು ವಿದ್ಯಾಪರಂಪರೆಯ ಗುರುತು. ಇದಕ್ಕೆ ಆಧಾರಗಳನ್ನು ಮುಂದೆ ಕ್ರಮವಾಗಿ ಇಟ್ಟಿದ್ದೇನೆ.

2. ಅಕ್ಷರದ ಹಿನ್ನೆಲೆ

ಫೀನಿಷಿಯನ್ ಮತ್ತು ಅರಮಾಯಿಕ್ ವರ್ಣಮಾಲೆಗಳಲ್ಲಿ ಇದ್ದದ್ದು 22 ಅಕ್ಷರ. ಅರಬಿ ಲಿಪಿ ಬೆಳೆದು ಬಂದದ್ದು ಅರಮಾಯಿಕ್ ಕವಲಿನ ನಬತಿಯನ್ ಬರಹದಿಂದ. ಆದರೆ ಅರಬಿಗೆ ಬೇಕಾದ ವ್ಯಂಜನಗಳು 28. ಉಳಿದ ಆರನ್ನು ಇದ್ದ ಅಕ್ಷರಗಳಿಗೆ ಚುಕ್ಕೆ ಇಟ್ಟು ಪಡೆದರು. 'ಸ್ವಾದ್' ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ದಾದ್. ಅಕ್ಷರಗಳನ್ನು ಅಂಕಿಗಳಾಗಿ ಬಳಸುವ ಅಬ್ಜದ್ ಎಣಿಕೆಯ ಪೂರ್ವದೇಶದ ಕ್ರಮದಲ್ಲಿ ಇದರ ಬೆಲೆ 800. ಯೆಮನಿನ ಪ್ರಾಚೀನ ದಕ್ಷಿಣ ಅರಬಿ ಶಾಸನಗಳ ಲಿಪಿಯಲ್ಲಿ ಈ ಧ್ವನಿಗೆ ಮೊದಲಿನಿಂದಲೇ ಸ್ವಂತ ಅಕ್ಷರವಿತ್ತು, ಇಥಿಯೋಪಿಯಾದ ಗೀಜ್ ಲಿಪಿಯಲ್ಲಿ ಇಂದಿಗೂ ಇದೆ.

ಇಂದಿನ ಶಿಷ್ಟ ಅರಬಿಯಲ್ಲಿ ದಾದ್ ಎಂದರೆ ನಾಲಿಗೆಯ ಹಿಂಭಾಗವನ್ನು ಏರಿಸಿ ಗಡುಸಾಗಿ ನುಡಿಯುವ ದಕಾರ. ಮೊದಲು ಹಾಗಿರಲಿಲ್ಲ. ಎಂಟನೆಯ ಶತಮಾನದ ಕೊನೆಯಲ್ಲಿ ತೀರಿಕೊಂಡ ವೈಯಾಕರಣ ಸೀಬವೈಹಿ ಇದರ ಸ್ಥಾನವನ್ನು ನಾಲಿಗೆಯ ಪಕ್ಕದ ಅಂಚು ಮತ್ತು ಅದಕ್ಕೆ ತಾಗಿದ ದವಡೆಹಲ್ಲುಗಳ ನಡುವೆ ಹೇಳುತ್ತಾನೆ. ಅಂದರೆ ಅದು ಪಾರ್ಶ್ವಿಕ ಧ್ವನಿ; ಕನ್ನಡದ ಲ, ಳ ಇರುವ ವರ್ಗದ್ದು. ಉಳಿದ ಗಡುಸು ಅಕ್ಷರಗಳ ಗಡುಸುತನ ತೆಗೆದರೆ ಅವುಗಳ ಸಾದಾ ಜೋಡಿಗಳು ಸಿಗುತ್ತವೆ, ದಾದ್‌ಗೆ ಮಾತ್ರ ಅಂಥ ಜೋಡಿ ಇಲ್ಲ ಎಂದೂ ಅವನು ಗುರುತಿಸಿದ್ದಾನೆ. ಅರಬಿಯನ್ನು 'ದಾದ್‌ನ ಭಾಷೆ' ಎಂದು ಅಭಿಮಾನದಿಂದ ಕರೆಯುವ ರೂಢಿಯ ಹಿಂದೆ ಇರುವುದು ಈ ಧ್ವನಿ ಬೇರೆ ಭಾಷೆಗಳಲ್ಲಿ ಇಲ್ಲವೆಂಬ ನಂಬಿಕೆ.

ಸೀಬವೈಹಿಯ ಮಾತಿಗೆ ಹೊರಗಿನ ಸಾಕ್ಷಿಗಳೂ ಇವೆ. ಕ್ರಿಸ್ತಪೂರ್ವ ಏಳನೆಯ ಶತಮಾನದ ಅಸಿರಿಯದ ದೊರೆ ಎಸರ್‌ಹದ್ದೋನನ ಶಾಸನದಲ್ಲಿ 'ರುದಾ' ಎಂಬ ಅರಬರ ದೈವದ ಹೆಸರನ್ನು ಲಕಾರ ಸೇರಿಸಿ 'ರುಲ್ದಾಯು' ಎಂದು ಬರೆಯಲಾಗಿದೆ. ಸ್ಪೇನಿನಲ್ಲಿ 'ಅಲ್-ಖಾದಿ' ಎಂಬ ಅರಬಿ ಪದ 'ಅಲ್ಕಾಲ್ದೆ'ಯಾಯಿತು. ದಕಾರದ ಮುನ್ನ ಹೊಸದಾಗಿ ಒಂದು ಲಕಾರ ಬಂದು ಕೂತಿತು. ಪಶ್ಚಿಮ ಆಫ್ರಿಕದ ಹೌಸಾ ಭಾಷೆಯಲ್ಲಿ ನ್ಯಾಯಾಧೀಶನಿಗೆ 'ಅಲ್ಕಾಲಿ', ನಮಾಜಿನ ಮುಂಚಿನ ಅಂಗಶುದ್ಧಿಗೆ 'ಅಲ್ವಲಾ'. ಕುರ್‌ಆನ್ ಪಠನಶಾಸ್ತ್ರದ ವಿದ್ವಾಂಸ ಇಬ್ನ್ ಅಲ್-ಜಝರಿಯ (1350–1429) ಕಾಲಕ್ಕೆ ಈ ಅಕ್ಷರವನ್ನು ಜನ ಹಲವು ಬಗೆಯಲ್ಲಿ ನುಡಿಯುತ್ತಿದ್ದರು; ಕೆಲವರ ಬಾಯಲ್ಲಿ ಅದು ಭಾರವಾದ ಲಕಾರವಾಗಿದೆ ಎಂದು ಅವನು ದಾಖಲಿಸಿದ್ದಾನೆ. ಸೌದಿ ಅರೇಬಿಯದ ನೈಋತ್ಯ ಭಾಗದ ಕೆಲವು ಆಡುನುಡಿಗಳಲ್ಲಿ ಪಾರ್ಶ್ವಿಕ ಉಚ್ಚಾರ ಈಗಲೂ ಬದುಕಿದೆ ಎಂಬುದನ್ನು ಈಚಿನ ಕ್ಷೇತ್ರಕಾರ್ಯ ತೋರಿಸಿಕೊಟ್ಟಿದೆ.

3. ಕಚೇರಿಯ ದಾರಿ: ಜಕಾರ

ಪರ್ಶಿಯನ್ ಭಾಷಿಕರಿಗೆ ದಾದ್ ಒಗ್ಗಲಿಲ್ಲ. ಅವರು ಅದನ್ನು ಝಕಾರವಾಗಿ ನುಡಿದರು. ಬಹಮನಿ, ಆದಿಲಶಾಹಿ, ಮೈಸೂರಿನ ಹೈದರ್-ಟಿಪ್ಪು ಕಾಲದ ಆಡಳಿತದ ಮೂಲಕ, ಆಮೇಲೆ ಕಂಪನಿ ಸರ್ಕಾರದ ಕಡತಗಳ ಮೂಲಕ ಆ ಪದಗಳು ಕನ್ನಡಕ್ಕೆ ಬಂದಾಗ ಝಕಾರ ನಮ್ಮಲ್ಲಿ ಜಕಾರವಾಯಿತು. ಪುತ್ತೂರಿನ ಯಾವುದೇ ಸರ್ಕಾರಿ ಕಚೇರಿಯ ಮೇಜಿನ ಮೇಲೆ ದಿನನಿತ್ಯ ಓಡಾಡುವ ಪದಗಳನ್ನೇ ನೋಡಿ: ಅರ್ಜಿ, ಹಾಜರಿ, ಜಾಮೀನು, ಜಪ್ತಿ, ರಾಜಿ, ರಜೆ, ವಜಾ, ಕಬ್ಜಾ, ಮರ್ಜಿ. ಇವೆಲ್ಲದರ ಜಕಾರದ ಹಿಂದೆ ಇರುವುದು ದಾದ್. ಮನೆಮಾತಿನ 'ಫಜೀತಿ', 'ಗರಜು', ಸಂಗೀತಗಾರರ 'ರಿಯಾಜ್' ಕೂಡ ಅದೇ ಅಕ್ಷರದ ಮಕ್ಕಳು. 'ಜಿಲ್ಲೆ'ಯ ಮೂಲ, ಪಕ್ಕೆಲುಬು ಎಂಬ ಅರ್ಥದ ಅರಬಿ ಪದ. ಪಕ್ಕ, ಪಾರ್ಶ್ವ, ಭಾಗ ಎಂದು ಅರ್ಥ ಹಿಗ್ಗುತ್ತ ಅದು ಆಡಳಿತದ ಘಟಕವಾಯಿತು.

ಆದರೆ ಕನ್ನಡದ ಒಂದು ಜಕಾರ ಅರಬಿಯ ಐದು ಅಕ್ಷರಗಳನ್ನು ನುಂಗಿದೆ. 'ಜವಾಬು' ಎಂಬಲ್ಲಿರುವುದು ಜೀಮ್, 'ವಜನು' ಎಂಬಲ್ಲಿ ಝಾಯ್, 'ಮಜಕೂರು' ಎಂಬಲ್ಲಿ ಧಾಲ್, 'ನಜರು' ಎಂಬಲ್ಲಿ ಝಾ, 'ಅರ್ಜಿ'ಯಲ್ಲಿ ದಾದ್. ಕನ್ನಡ ರೂಪವನ್ನಷ್ಟೇ ನೋಡಿ ಇವುಗಳ ಮೂಲವನ್ನು ಬೇರ್ಪಡಿಸಲು ಬರುವುದಿಲ್ಲ. ಜಕಾರದ ದಾರಿ ಪದಗಳನ್ನು ಹೇರಳವಾಗಿ ತಂದಿತು, ಅಕ್ಷರಗಳ ಗುರುತನ್ನು ತರಲಿಲ್ಲ.

4. ಮದ್ರಸದ ದಾರಿ: ಳಕಾರ

ಕಡಬ ತಾಲೂಕು ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಊರುಗಳನ್ನು ಸೇರಿಸಿ ಈಚೆಗೆ ಆದದ್ದು. ಹೀಗಾಗಿ ಮೂರನ್ನೂ ಒಂದೇ ಸೀಮೆಯೆಂದು ನೋಡುವುದು ಸರಿ. ತುಳು, ಅರೆಭಾಷೆ, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ಇಲ್ಲಿ ಒಂದೇ ಸಂತೆಯಲ್ಲಿ ಕೇಳುತ್ತವೆ. ಇಲ್ಲಿನ ಮುಸ್ಲಿಮರಲ್ಲಿ ಬಹುಪಾಲು ಬ್ಯಾರಿಗಳು, ಇಸ್ಲಾಮಿ ಧರ್ಮಶಾಸ್ತ್ರದ ಪಂಥಗಳಲ್ಲಿ ಶಾಫಿ ಮದ್‌ಹಬಿನವರು. ಅವರ ಮಸೀದಿ ದರ್ಸ್‌ಗಳ, ಮದ್ರಸಗಳ ನಂಟು ಹಿಂದಿನಿಂದಲೂ ಇರುವುದು ಮಲಬಾರಿನ ಜೊತೆ. ಕೇರಳದ ಉಲಮಾ ಸಂಘಟನೆಯಾದ ಸಮಸ್ತ 1951ರಲ್ಲಿ ಆರಂಭಿಸಿದ ವಿದ್ಯಾಭ್ಯಾಸ ಬೋರ್ಡಿನ ಪಠ್ಯಕ್ರಮ ದಕ್ಷಿಣ ಕನ್ನಡದಲ್ಲೂ ಹರಡಿತು. ಅದರ ಜೊತೆ ಅರಬಿ-ಮಲಯಾಳ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳ, ಇಲ್ಲಿನ ಮಕ್ಕಳ ಓದಿನ ಭಾಗವಾಯಿತು.

ಈ ಪರಂಪರೆಯಲ್ಲಿ ಮಕ್ಕಳು ಅಕ್ಷರಮಾಲೆ ಒಪ್ಪಿಸುವಾಗ ಬರುವ ಸಾಲು: ಸ್ವಾದ್, ಳಾದ್, ತ್ವಾ, ಳಾ. ಗಡುಸು ಸಕಾರ, ತಕಾರಗಳಿಗೆ ವಕಾರದ ಒತ್ತು. ದಾದ್ ಮತ್ತು ಝಾ ಎರಡಕ್ಕೂ ಳಕಾರ. ಕರಾವಳಿಯ ಫಲಕಗಳಲ್ಲಿ 'ಸ್ವಲಾತ್' ಎಂದು ಬರೆಯುವುದೂ ಇದೇ ಕ್ರಮದಿಂದ. ಳಕಾರದ ಪದಗಳ ಒಂದು ಚಿಕ್ಕ ಪಟ್ಟಿ: ಕಡ್ಡಾಯ ಕರ್ಮಕ್ಕೆ 'ಫರ್ಳ್', ಅಂಗಶುದ್ಧಿಗೆ 'ವುಳೂ', ಅಂಗಶುದ್ಧಿಯ ನೀರಿನ ತೊಟ್ಟಿಗೆ 'ಹೌಳ್', ಹೊತ್ತು ತಪ್ಪಿದ ನಮಾಜಿಗೆ 'ಖಳಾ', ಬಕ್ರೀದಿನ ಬಲಿಗೆ 'ಉಳ್ಹಿಯ್ಯತ್', ಮಧ್ಯಾಹ್ನದ ನಮಾಜಿಗೆ 'ಳುಹರ್', ಕುರ್‌ಆನ್ ಕಂಠಪಾಠ ಮಾಡಿದವರಿಗೆ 'ಹಾಫಿಳ್'. ಕೊನೆಯ ಎರಡರ ಮೂಲದಲ್ಲಿರುವುದು ಝಾ, ಉಳಿದವುಗಳಲ್ಲಿ ದಾದ್.

ಈ ಕ್ರಮದ ಬೆಲೆ ತಿಳಿಯಬೇಕಾದರೆ ಹಿಂದಿನ ಐದು ಅಕ್ಷರಗಳನ್ನು ಇಲ್ಲಿ ಮತ್ತೆ ಇಟ್ಟು ನೋಡಬೇಕು. ಜೀಮ್ ಇಲ್ಲಿ ಜಕಾರವಾಗಿಯೇ ಉಳಿಯಿತು. ಝಾಯ್ ಬರಹದಲ್ಲಿ ಝಕಾರ, ಬಾಯಲ್ಲಿ ಹಲವೊಮ್ಮೆ ಸಕಾರ. ಧಾಲ್ ದಕಾರ, ಉರ್ದುವಿನ 'ಜಿಕ್ರ್' ಇಲ್ಲಿ 'ದಿಕ್ರ್'. ದಾದ್ ಮತ್ತು ಝಾ ಮಾತ್ರ ಒಂದಾಗಿ ಳಕಾರ. ಕಚೇರಿಯ ದಾರಿಯಲ್ಲಿ ಐದು ಅಕ್ಷರ ಒಂದಾದವು, ಮದ್ರಸದ ದಾರಿಯಲ್ಲಿ ಐದು ನಾಲ್ಕಾದವು. ಕಲಿಯದವರ ಬಾಯಲ್ಲಿ ಅಂಕೆಯಿಲ್ಲದೆ ಕೆಟ್ಟ ಉಚ್ಚಾರವಾಗಿದ್ದರೆ ಇಷ್ಟು ನೇರ್ಪು ಇರುತ್ತಿರಲಿಲ್ಲ.

ಅಪವಾದಗಳೂ ಇವೆ, ಅವುಗಳನ್ನು ಮುಚ್ಚಿಡಬಾರದು. ಕೇರಳದ ಪಟ್ಟಿಕ್ಕಾಡಿನ ಜಾಮಿಅ ನೂರಿಯ್ಯದಲ್ಲಿ ಓದಿದವರ ಬಿರುದು 'ಫೈಝಿ'. ಮೂಲದಲ್ಲಿ ದಾದ್ ಇದ್ದರೂ ಯಾರೂ ಅದನ್ನು 'ಫೈಳಿ' ಎನ್ನುವುದಿಲ್ಲ. ನ್ಯಾಯಪೀಠದ 'ಖಾಳಿ'ಯ ಪಕ್ಕದಲ್ಲೇ 'ಖಾಝಿ' ರೂಢಿಯಲ್ಲಿದೆ, ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ಈಗ ಅದೇ ಗೆದ್ದಿದೆ. ಬಿರುದು, ಪದವಿ, ಹೆಸರುಗಳಲ್ಲಿ ಉತ್ತರದ ರೂಪ ಬೇಗ ನುಗ್ಗುತ್ತದೆ; ವುಳೂ, ಫರ್ಳ್, ಹೌಳ್‌ನಂಥ ದಿನನಿತ್ಯದ ಆಚರಣೆಯ ಪದಗಳಲ್ಲಿ ಳಕಾರ ಗಟ್ಟಿಯಾಗಿ ನಿಂತಿದೆ.

5. ಳಕಾರ ಎಲ್ಲಿಂದ ಬಂತು?

ಮೊದಲ ಉತ್ತರ ಸುಲಭದ್ದು: ಇದು ದ್ರಾವಿಡ ನಾಲಿಗೆಯ ಕೆಲಸ. ಅರಬಿಯ ಗಡುಸು ದಕಾರ ನಮ್ಮವರಿಗೆ ಡಕಾರದಂತೆ ಕೇಳಿತು, ಡಕಾರ ಳಕಾರವಾಯಿತು ಎಂಬ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಋಗ್ವೇದದ ಪಾಠದಲ್ಲೇ ಎರಡು ಸ್ವರಗಳ ನಡುವಿನ ಡಕಾರ ಳಕಾರವಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತ ಪದಗಳಲ್ಲಿ ಬರುವ ಳಕಾರವನ್ನು 'ಕ್ಷಳ'ವೆಂದೂ ದೇಶ್ಯದ್ದನ್ನು 'ಕುಳ'ವೆಂದೂ ಬೇರೆ ಮಾಡಿ ಹೇಳಿದ್ದಾನೆ. ಹೊರಗಿನ ಪದಕ್ಕೆ ಳಕಾರ ತೊಡಿಸುವುದು ನಮ್ಮಲ್ಲಿ ಹಳೆಯ ಸಂಗತಿ.

ಆದರೂ ಈ ಉತ್ತರ ಸಾಲದು. 'ರಮಳಾನ್', 'ವುಳೂ' ಪದಗಳಲ್ಲಿ ಳಕಾರ ಸ್ವರಗಳ ನಡುವೆ ಇದೆ, ಸರಿ. 'ಳುಹರ್' ಪದದ ಮೊದಲಲ್ಲಿ? ಅಕ್ಷರದ ಹೆಸರಾದ 'ಳಾದ್'ನ ಮೊದಲಲ್ಲಿ? ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ದೇಶ್ಯ ಪದ ಳಕಾರದಿಂದ ಶುರುವಾಗುವುದಿಲ್ಲ. ನಾಲಿಗೆ ತನ್ನ ಸೌಕರ್ಯಕ್ಕೆ ತಾನೇ ಬದಲಿಸಿಕೊಂಡಿದ್ದರೆ ಪದಾದಿಯಲ್ಲಿ ದಕಾರವೋ ಡಕಾರವೋ ಬರಬೇಕಿತ್ತು. ಅಲ್ಲಿಯೂ ಳಕಾರವನ್ನೇ ಕಷ್ಟಪಟ್ಟು ಹಿಡಿದಿದ್ದಾರೆ ಎಂದರೆ, ಗುರುಗಳು ಬಾಯಿಂದ ಬಾಯಿಗೆ ಕಲಿಸಿದ ಒಂದು ಪಾರ್ಶ್ವಿಕ ಧ್ವನಿಯನ್ನು ಗುರಿಯಾಗಿಟ್ಟು ನುಡಿದಿದ್ದಾರೆ ಎಂದೇ ಅರ್ಥ. ಇದು ಮೊದಲ ಆಧಾರ.

ಎರಡನೆಯ ಆಧಾರ ಕಡಲಾಚೆಯದು. ಮಲಯ್ ಭಾಷೆಯಲ್ಲಿ ಒಪ್ಪಿಗೆಗೆ 'ರೆಲಾ'; ನಮ್ಮ 'ರಜೆ' ಮತ್ತು ಈ 'ರೆಲಾ' ಒಂದೇ ಅರಬಿ ಪದದ ಎರಡು ರೂಪ. ಮಧ್ಯಾಹ್ನದ ನಮಾಜಿಗೆ ಅಲ್ಲಿ 'ಲೊಹೊರ್', ಕಂಠಪಾಠಕ್ಕೆ 'ಹಫಲ್', ಕ್ರೂರಿಗೆ 'ಲಾಲಿಮ್'. ಈ ಮೂರರಲ್ಲೂ ಇರುವುದು ಝಾ. ದಾದ್ ಮತ್ತು ಝಾ ಎರಡೂ ಕೂಡಿ ಲಕಾರದ ಕಡೆ ವಾಲಿದ್ದು ಮಲಬಾರಿನಲ್ಲಿ ಆದಂತೆ ಅಲ್ಲಿಯೂ ಆಗಿದೆ. ಮಲಯ್ ದ್ರಾವಿಡ ಭಾಷೆಯಲ್ಲ, ಅದರಲ್ಲಿ ಳಕಾರವೂ ಇಲ್ಲ. ಹಾಗಾಗಿ ದ್ರಾವಿಡ ನಾಲಿಗೆಯ ವಾದ ಅಲ್ಲಿಗೆ ಸಲ್ಲದು. ಎರಡು ತೀರಗಳಿಗೂ ಸಮಾನವಾಗಿದ್ದದ್ದು ಶಾಫಿ ಮದ್‌ಹಬ್, ಹಿಂದೂ ಮಹಾಸಾಗರದ ವ್ಯಾಪಾರ, ಮತ್ತು ಯೆಮನಿನ ಹದ್ರಮೌತ್ ಕಡೆಯಿಂದ ಬಂದು ನೆಲೆಸಿದ ಸಯ್ಯದ್ ಮನೆತನಗಳು. ಮಲಬಾರಿನ ಮಂಬುರಂನಲ್ಲಿ ನೆಲೆಸಿ 1844ರಲ್ಲಿ ತೀರಿಕೊಂಡ ಸಯ್ಯದ್ ಅಲವಿ ತಂಙಳ್ ಹದ್ರಮೌತಿನ ತರೀಮ್ ಊರಿನವರು. ಪಾರ್ಶ್ವಿಕ ದಾದ್ ಈಗಲೂ ಉಳಿದಿರುವುದು ಅರೇಬಿಯದ ನೈಋತ್ಯದಲ್ಲಿ ಎಂಬುದನ್ನು ಇದರ ಜೊತೆ ಇಟ್ಟು ಓದಬೇಕು.

ಈ ಆಧಾರಗಳಿಂದ ಎಷ್ಟು ಹೇಳಬಹುದು ಎಂಬುದಕ್ಕೆ ಮಿತಿಯೂ ಇದೆ. ಸೀಬವೈಹಿ ಬಣ್ಣಿಸಿದ ಧ್ವನಿಯೇ ಸುಳ್ಯದಲ್ಲಿ ಇಂದಿಗೂ ಇದೆ ಎಂದರೆ ತಪ್ಪಾದೀತು. ಅವನ ಲೆಕ್ಕದಲ್ಲಿ ಝಾ ಪಾರ್ಶ್ವಿಕವಲ್ಲ. ಇಲ್ಲಿ ಅದೂ ಳಕಾರವಾಗಿದೆ. ಆದ್ದರಿಂದ ನಮ್ಮ ತೀರಕ್ಕೆ ಬಂದದ್ದು ಎರಡು ಅಕ್ಷರಗಳು ಆಗಲೇ ಬೆರೆತಿದ್ದ, ಆದರೆ ದಾದ್‌ನ ಪಾರ್ಶ್ವಿಕ ಗುಣ ಉಳಿದಿದ್ದ ಒಂದು ಉಚ್ಚಾರ ಎನ್ನುವುದು ಹೆಚ್ಚು ಸರಿ. ಅದನ್ನು ಹಿಡಿಯಲು ಇಲ್ಲಿನವರ ಬಳಿ ಇದ್ದ ಅತ್ಯಂತ ಹತ್ತಿರದ ಧ್ವನಿ ಳಕಾರ.

6. ಬರಹದ ಸಾಕ್ಷಿ: ಅರಬಿ-ಮಲಯಾಳ ಮತ್ತು ಸುರಿಯಾನಿ

ಮೂರನೆಯ ಆಧಾರ ಕಣ್ಣಿಗೆ ಕಾಣುವಂಥದ್ದು. ಅರಬಿ-ಮಲಯಾಳದ ಕಾಲ ಗೊತ್ತಿರುವ ಅತ್ಯಂತ ಹಳೆಯ ಕೃತಿ ಕೋಝಿಕ್ಕೋಡಿನ ಖಾಳಿ ಮುಹಮ್ಮದ್ ಅವರ 'ಮುಹ್‌ಯಿದ್ದೀನ್ ಮಾಲ', ವರ್ಷ 1607. ಈ ಬರಹಕ್ಕೆ ಅರಬಿಯಲ್ಲಿಲ್ಲದ ಮಲಯಾಳ ಧ್ವನಿಗಳಿಗೆ ಅಕ್ಷರ ಬೇಕಾಗಿತ್ತು. ಳಕಾರಕ್ಕೆ ಅವರು ಆರಿಸಿದ್ದು ಲಾಮ್ ಅಲ್ಲ, ದಾದ್. ಮೇಲೆ ಮೊದಲೇ ಇರುವ ಚುಕ್ಕೆಯ ಜೊತೆಗೆ ಕೆಳಗೊಂದು ಚುಕ್ಕೆ ಇಟ್ಟರೆ ಅದು ಮಲಯಾಳದ ಳ. 'ಮಲಯಾಳಂ' ಎಂಬ ಹೆಸರನ್ನೇ ಅರಬಿ-ಮಲಯಾಳದಲ್ಲಿ ಬರೆದು ನೋಡಿದರೆ ನಡುವೆ ನಿಂತಿರುವುದು ಈ ಎರಡು ಚುಕ್ಕೆಯ ದಾದ್. ಲಕಾರಕ್ಕೆ ಇರುವ ಲಾಮ್‌ಗೆ ಒಂದು ಗುರುತು ಹಚ್ಚಿ ಳಕಾರ ಮಾಡಿಕೊಳ್ಳುವುದು ಯಾರಿಗೂ ಹೊಳೆಯುವ ಉಪಾಯ. ಅದನ್ನು ಬಿಟ್ಟು ದಾದ್‌ಗೆ ಹೋದದ್ದಕ್ಕೆ ಕಾರಣ ಒಂದೇ: ಬರೆಯುವವರ ಕಿವಿಯಲ್ಲಿ ದಾದ್ ಆಗಲೇ ಳಕಾರವಾಗಿತ್ತು.

ಇದಕ್ಕೆ ಪಕ್ಕದಲ್ಲೇ ಹೋಲಿಕೆ ಸಿಗುತ್ತದೆ. ಕಡಬ, ನೆಲ್ಯಾಡಿ, ಸುಳ್ಯದ ಬೆಟ್ಟದ ತಪ್ಪಲಿಗೆ ತಿರುವಾಂಕೂರು ಕಡೆಯಿಂದ ಬಂದು ರಬ್ಬರ್ ಕೃಷಿ ಹಿಡಿದ ಸುರಿಯಾನಿ ಕ್ರೈಸ್ತ ಕುಟುಂಬಗಳು ಇನ್ನೊಂದು ಸೆಮಿಟಿಕ್ ವರ್ಣಮಾಲೆಯ ವಾರಸುದಾರರು. ಸಿರೋ-ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿ, ಸಿರೋ-ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತ್ಯ 2010ರಲ್ಲಿ ಸ್ಥಾಪನೆಯಾದವು. ಕೇರಳದ ಸುರಿಯಾನಿ ಕ್ರೈಸ್ತರೂ ಹಿಂದೆ ಮಲಯಾಳವನ್ನು ಸಿರಿಯಾಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಅದಕ್ಕೆ ಸುರಿಯಾನಿ-ಮಲಯಾಳ ಎನ್ನುತ್ತಾರೆ. 22 ಸಿರಿಯಾಕ್ ಅಕ್ಷರಗಳು ಸಾಲದೆ ಹೋದಾಗ ಅವರು ಮಲಯಾಳ ಲಿಪಿಯಿಂದಲೇ ಅಕ್ಷರಗಳನ್ನು ಎತ್ತಿಕೊಂಡು ಸಿರಿಯಾಕ್ ಸಾಲಿಗೆ ಹೊಂದಿಸಿದರು. 2017ರಲ್ಲಿ ಯೂನಿಕೋಡ್ ಸೇರಿಸಿಕೊಂಡ ಇಂಥ 11 ಅಕ್ಷರಗಳಲ್ಲಿ ಳಕಾರವೂ ಒಂದು. ಅಂದರೆ ಸಿರಿಯಾಕ್ ಬಲ್ಲವರಿಗೆ ತಮ್ಮ ವರ್ಣಮಾಲೆಯಲ್ಲಿ ಳಕಾರಕ್ಕೆ ಹತ್ತಿರದ ಅಕ್ಷರ ಸಿಗಲಿಲ್ಲ, ಅರಬಿ ಬಲ್ಲವರಿಗೆ ಸಿಕ್ಕಿತು. ಒಂದೇ ಮಲಯಾಳ ಧ್ವನಿಯ ಮುಂದೆ ಎರಡು ಸಮುದಾಯಗಳು ಬೇರೆ ಬೇರೆ ದಾರಿ ಹಿಡಿಯಲು ಕಾರಣ ಈ ವ್ಯತ್ಯಾಸ.

ಸಿರಿಯಾಕ್‌ನಲ್ಲಿ ದಾದ್‌ನ ಧ್ವನಿ ಏನಾಯಿತು ಎಂಬುದನ್ನೂ ಹೇಳಬೇಕು. ಮೂಲ ಸೆಮಿಟಿಕ್‌ನ ಆ ಪಾರ್ಶ್ವಿಕ ಧ್ವನಿ ಹೀಬ್ರೂವಿನಲ್ಲಿ 'ತ್ಸಾದೆ' ಅಕ್ಷರದಲ್ಲಿ ಲೀನವಾಯಿತು. ಅರಮಾಯಿಕ್‌ನಲ್ಲಿ ಮೊದಲು 'ಖೋಫ್', ಆಮೇಲೆ ಗಂಟಲಿನ ಆಳದಿಂದ ಬರುವ 'ಐನ್' ಆಯಿತು. ಭೂಮಿಗೆ ಅರಬಿಯಲ್ಲಿ 'ಅರ್ದ್', ಹೀಬ್ರೂವಿನಲ್ಲಿ 'ಎರೆತ್ಸ್', ಸಿರಿಯಾಕ್‌ನಲ್ಲಿ ಪಶ್ಚಿಮದ ಉಚ್ಚಾರದಂತೆ 'ಅರ್‌ಓ', ಪೂರ್ವದ ಉಚ್ಚಾರದಂತೆ 'ಅರ್‌ಆ'. ಬಂಧುತ್ವ ಬಲ್ಲವರಿಗಷ್ಟೇ ಇವು ಒಂದೇ ಪದವೆಂದು ತಿಳಿಯುವುದು. ಕ್ರೈಸ್ತರ ಪ್ರಭುವಿನ ಪ್ರಾರ್ಥನೆಯ ಸಿರಿಯಾಕ್ ಪಾಠದಲ್ಲಿ ಈ 'ಭೂಮಿ' ಬರುತ್ತದೆ, ಕುರ್‌ಆನಿನಲ್ಲಿ ಮತ್ತೆ ಮತ್ತೆ 'ಅರ್ದ್' ಬರುತ್ತದೆ. ನಮ್ಮ ಮದ್ರಸದ ಪಾಠದಲ್ಲಿ ಅದು 'ಅರ್ಳ್'. ಒಂದೇ ಪ್ರಾಚೀನ ವ್ಯಂಜನದ ಎರಡು ಕವಲುಗಳು ಕಡಬದ ಇಗರ್ಜಿ ಮತ್ತು ಮಸೀದಿಗಳಲ್ಲಿ ಒಟ್ಟಿಗೆ ಬದುಕಿವೆ. ಕಂದಾಯ ದಾಖಲೆಯ 'ಜಿಲ್ಲೆ'ಯನ್ನೂ ಸೇರಿಸಿದರೆ ಕವಲು ಮೂರಾಗುತ್ತವೆ.

7. ಪಠನದ ಶುದ್ಧಿ, ಬರಹದ ರೂಪ

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಗೌರವದಿಂದ ಬೇರ್ಪಡಿಸಬೇಕು. ಫಾತಿಹಾ ಅಧ್ಯಾಯದ ಕೊನೆಯ ವಾಕ್ಯದಲ್ಲಿ ದಾದ್ ಎರಡು ಪದಗಳಲ್ಲಿ ಬರುತ್ತದೆ. ದಿನದ ಐದು ಕಡ್ಡಾಯ ನಮಾಜುಗಳ 17 ರಕಅತ್‌ಗಳಲ್ಲೂ ಫಾತಿಹಾ ಓದಬೇಕು. ಹಾಗಾಗಿ ಈ ಅಕ್ಷರವನ್ನು ಹೇಗೆ ನುಡಿಯಬೇಕೆಂಬುದು ಭಕ್ತನಿಗೆ ಗಂಭೀರವಾದ ಪ್ರಶ್ನೆ; ಉತ್ತರ ಭಾರತದ ಉಲಮಾಗಳ ನಡುವೆಯೂ ಅದು ದಕಾರಕ್ಕೆ ಹತ್ತಿರವೋ ಝಕಾರಕ್ಕೆ ಹತ್ತಿರವೋ ಎಂದು ದೀರ್ಘ ಚರ್ಚೆ ನಡೆದಿದೆ. ಕುರ್‌ಆನ್ ಪಠನದ ನಿಯಮಗಳಾದ ತಜ್ವೀದ್ ಕಲಿತವರು ಪಠನದಲ್ಲಿ ಯಾವ ಉಚ್ಚಾರ ಹಿಡಿಯಬೇಕೆಂಬುದು ಅವರ ಶಾಸ್ತ್ರದ ವಿಷಯ. ಈ ಟಿಪ್ಪಣಿ ಅದರಲ್ಲಿ ಕೈ ಹಾಕುವುದಿಲ್ಲ.

ಕನ್ನಡ ಬರಹದ ಪ್ರಶ್ನೆ ಬೇರೆ. 'ವುಳೂ', 'ಫರ್ಳ್', 'ಉಳ್ಹಿಯ್ಯತ್' ಈಗ ಬರೀ ಅರಬಿ ಪದಗಳಲ್ಲ, ಈ ಸೀಮೆಯ ಕನ್ನಡ ಮತ್ತು ಬ್ಯಾರಿ ಪದಗಳು. ಅವುಗಳನ್ನು ಉರ್ದುವಿನ ಮಾದರಿಗೆ 'ವಝು', 'ಫರ್ಜ್' ಎಂದು, ಇಂಗ್ಲಿಷ್ ಮಾದರಿಗೆ 'ರಮದಾನ್' ಎಂದು ತಿದ್ದಿದರೆ ಶುದ್ಧಿ ಬರುವುದಿಲ್ಲ. ಒಂದು ಪರಂಪರೆಯ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಉರ್ದುವಿನ ಝಕಾರ ಮೂಲದಿಂದ ಳಕಾರಕ್ಕಿಂತ ಹತ್ತಿರವೇನೂ ಅಲ್ಲ, ಪಾರ್ಶ್ವಿಕ ಗುಣದ ಲೆಕ್ಕದಲ್ಲಿ ಇನ್ನೂ ದೂರ.

ಆಗಬೇಕಾದ ಕೆಲಸ ಮೂರು. ಮೊದಲನೆಯದು, ಕನ್ನಡ ಮತ್ತು ಬ್ಯಾರಿ ನಿಘಂಟುಗಳಲ್ಲಿ ಳಕಾರದ ರೂಪಗಳನ್ನು ಸ್ವತಂತ್ರ ಉಲ್ಲೇಖಗಳಾಗಿ, ಊರಿನ ಗುರುತಿನೊಂದಿಗೆ ಕೊಡುವುದು. 2007ರಲ್ಲಿ ಸ್ಥಾಪನೆಯಾದ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಗೆ ಇದು ಸಹಜವಾಗಿ ಸಲ್ಲುವ ಕೆಲಸ. ಎರಡನೆಯದು, ಕನ್ನಡ ಕಥನ ಸಾಹಿತ್ಯದಿಂದ ಇಂಥ ಪದಗಳನ್ನು ಹೆಕ್ಕುವುದು. ಪುತ್ತೂರಿನ ಬೊಳುವಾರಿನವರಾದ ಬೊಳುವಾರು ಮಹಮದ್ ಕುಂಞಿ ಅವರ ಕಥೆ, ಕಾದಂಬರಿಗಳಿಂದ ಶುರುಮಾಡಬಹುದು. ಮೂರನೆಯದು ಅತ್ಯಂತ ತುರ್ತಿನದು. ಹಳೆಯ ಮಸೀದಿಗಳಲ್ಲಿ, ಮನೆಗಳ ಅಟ್ಟದಲ್ಲಿ ಇರಬಹುದಾದ ಅರಬಿ-ಮಲಯಾಳ ಕೈಬರಹಗಳನ್ನು, ಕಲ್ಲಚ್ಚಿನ ಕಿತಾಬುಗಳನ್ನು ಛಾಯಾಚಿತ್ರ ತೆಗೆದು ಉಳಿಸಬೇಕು. ಹಿರಿಯ ಮುಸ್ಲಿಯಾರರು ಅಕ್ಷರಮಾಲೆ ಹೇಳಿಕೊಡುವ ಧ್ವನಿಯನ್ನು ದಾಖಲಿಸಬೇಕು. ಮಳೆಗಾಲದ ತೇವ ಮತ್ತು ಗೆದ್ದಲು ಕಾಗದವನ್ನು ಉಳಿಸುವುದಿಲ್ಲ. ಉಚ್ಚಾರವಂತೂ ಒಂದು ತಲೆಮಾರಿನಲ್ಲೇ ಬದಲಾಗಬಹುದು, ಬದಲಾಗುತ್ತಲೂ ಇದೆ. ಕನ್ನಡದ ಶಬ್ದಚರಿತ್ರೆ ಅರಬಿ ಪದಗಳನ್ನೆಲ್ಲ ಪರ್ಶಿಯನ್ ಕಚೇರಿಯ ಲೆಕ್ಕಕ್ಕೇ ಬರೆದುಕೊಂಡು ಬಂದಿದೆ. ಪುತ್ತೂರು, ಸುಳ್ಯ, ಕಡಬದ ಳಕಾರಗಳನ್ನು ಎಣಿಕೆಗೆ ತಂದರೆ ಆ ಚರಿತ್ರೆಗೆ ಕಡಲಿನ ಅಧ್ಯಾಯವೊಂದು ಸೇರುತ್ತದೆ.